ಬಡಿತ ಕೇಳಿ ಲಾಳಿ ಒಗೆ

ನಾರಾಯಣಪೇಟೆಯ ನಮ್ಮ ಮನೆಯ ಮಗ್ಗದಲ್ಲಿ ಅಪ್ಪ, ಅವ್ವ ಜೊತೆಯಾಗಿ ಕೂತು ಸೀರೆ ನೇಯುತ್ತಿದ್ದರು. ಒಡಲಿನ ಲಾಳಿ ಅಪ್ಪನದು, ಅಂಚಿನ ಲಾಳಿ ಅವ್ವನದು. ಎಳೆ ಕೂರಿಸಲು ಅಪ್ಪ ಹಣಿಗೆ ಬಡಿದ ಸದ್ದು ಕೇಳುವ ತನಕ ಅವ್ವ ಲಾಳಿ ಒಗೆಯುತ್ತಿರಲಿಲ್ಲ. ಮಾತಿಲ್ಲ, ಸನ್ನೆಯಿಲ್ಲ, ಆ ಒಂದು ಬಡಿತ ಸಾಕು. ಅಪ್ಪನ ಭುಜ ಸೋತ ಮೇಲೆ ಎರಡೂ ಲಾಳಿ ಅವ್ವನ ಪಾಲಿಗೆ ಬಂದವು, ವಿನ್ಯಾಸದ ಎಳೆ ಎತ್ತುವ ಕೆಲಸವೂ ಬಂತು. ಅಂಚಿನ ಮೇಲಿನ ಗೋಪುರದ ಚಿತ್ತಾರಗಳು ಕಡಿಮೆಯಾಗುತ್ತ ಹೋದವು. ಅದನ್ನು ನೋಡಿ ಸುಮ್ಮನಿರಲು ನನ್ನಿಂದಾಗಲಿಲ್ಲ.

ನಾನು ಗದ್ವಾಲದಲ್ಲಿ ಕಂಪ್ಯೂಟರ್ ಕೆಲಸ ಮಾಡುವವಳು. ಎಳೆ ಎತ್ತುವ ಯಂತ್ರವೊಂದನ್ನು ಮಗ್ಗದ ಮೇಲೆ ಕೂಡಿಸಿ, ಅದಕ್ಕೆ ಎರಡು ಪ್ರೋಗ್ರಾಂ ಬರೆದೆ. ಒಂದು ಚಿತ್ರ ಓದಿ ಮುಂದಿನ ಸಾಲಿಗೆ ಯಾವ ಎಳೆ ಏಳಬೇಕೆಂದು ಹೇಳಬೇಕು, ಇನ್ನೊಂದು ಅವನ್ನು ಎತ್ತಿಸಬೇಕು. ಇವೆರಡೂ ಮಾತಾಡಿಕೊಳ್ಳುವುದು ಹೇಗೆ? ಮೆಮೊರಿಯಲ್ಲಿ ಎರಡಕ್ಕೂ ಒಂದೇ ಹಲಗೆ ಕೊಟ್ಟೆ. ಒಂದು ಅಲ್ಲಿ ಬರೆಯಲಿ, ಇನ್ನೊಂದು ಅಲ್ಲೇ ಓದಲಿ. ಅದಕ್ಕಿಂತ ವೇಗದ ದಾರಿಯಿಲ್ಲ, ನನಗೋ ಆಗ ವೇಗದ ಹುಚ್ಚು.

"ಸೀರಿ ಕೆಟ್ಟಿತಂದ್ರ ಅವತ್ತೇ ನಿನ್ನ ಮಷಿನ್ ಬಿಚ್ಕೊಂಡು ಹೋಗಬೇಕು ನೋಡು," ಅಂದಳು ಅವ್ವ.

ಮೂರನೇ ಗೋಪುರಕ್ಕೇ ಕೆಟ್ಟಿತು. ಎಡಕ್ಕೆ ಹೊಸ ಸಾಲು, ಬಲಕ್ಕೆ ಹಳೆಯ ಸಾಲು. ಗೋಪುರದ ತುದಿ ಮುರಿದು ಕೂತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆ. ನಾನು ತಂತಿ, ಸ್ಕ್ರೂ ಎಂದು ತಡಕಾಡುತ್ತಿದ್ದರೆ, ಹಲಗೆಯ ಕತೆಯನ್ನು ನನ್ನಿಂದಲೇ ಕೇಳಿದ್ದ ಅವ್ವ ಕೂತಲ್ಲಿಂದಲೇ ರೋಗ ಹೇಳಿದಳು.

"ಒಂದು ಬರದು ಮುಗಿಸಿಲ್ಲ, ಇನ್ನೊಂದು ಓದೇ ಬಿಟ್ಟೈತಿ. ನಿಮ್ಮಪ್ಪ ಬಡಿಯೋಕಿಂತ ಮದ್ಲ ನಾ ಯಾವತ್ತರ ಲಾಳಿ ಒಗದೀನೇನು? ಬರೋ ಆಯ್ತಾರ ತನಕ ಸೈಸ್ಕೋತೀನಿ, ಅಷ್ಟೇ."

ಹಾಗಂದು ಕೆಟ್ಟ ಸಾಲುಗಳನ್ನು ಒಂದೊಂದೇ ಬಿಚ್ಚತೊಡಗಿದಳು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಮರುದಿನ ಗದ್ವಾಲಕ್ಕೆ ಮರಳುವಾಗ ಮಕ್ತಲ್ ಬಸ್ ನಿಲ್ದಾಣದಲ್ಲಿ, ಎರಡು ರಾಯಚೂರು ಬಸ್ಸು ಬಂದು ಹೋಗುವವರೆಗೆ ಅದನ್ನೇ ಯೋಚಿಸುತ್ತ ಕೂತೆ. ಆ ಹಲಗೆಗೆ ಬೀಗ ಹಾಕಬಹುದಿತ್ತು. ಆದರೆ ಬೀಗ ಹಿಡಿದ ಪ್ರೋಗ್ರಾಂ ನಡುವೆಯೇ ಸತ್ತರೆ ಇನ್ನೊಂದು ಬಾಗಿಲ ಮುಂದೆ ಕೂತೇ ಇರುತ್ತದೆ. ಪೈಪ್ ಎಂಬ ಹಳೆಯ ದಾರಿಯಲ್ಲಿ ಹಾಗಲ್ಲ. ಈ ಕಡೆ ಹಾಕಿದ್ದು ಅದೇ ಕ್ರಮದಲ್ಲಿ ಆ ಕಡೆ ಬರುತ್ತದೆ, ಒಂದು ಸತ್ತರೆ ಇನ್ನೊಂದಕ್ಕೆ ಗೊತ್ತಾಗುತ್ತದೆ. ಸಾಲು ಕಳಿಸಲು ಒಂದು ಪೈಪ್, ಅವ್ವ ಹಣಿಗೆ ಬಡಿದ ಮೇಲೆ 'ಆಯಿತು' ಎಂಬ ಉತ್ತರ ತರಲು ಇನ್ನೊಂದು. ಉತ್ತರ ಬರದೆ ಮುಂದಿನ ಸಾಲು ಕಳಿಸುವಂತಿಲ್ಲ.

ಕಚೇರಿಯ ಗೆಳತಿ ನಕ್ಕಳು. "ಈ ಕಾಲದಾಗ ಪೈಪೇನ? ಎತ್ತಿನ ಬಂಡಿ ಕಟ್ಟಾಕ ಹತ್ತೀಯಲ್ಲ!"

"ಕೈಮಗ್ಗಕ್ಕ ವಿಮಾನ ಕಟ್ಟಲೇನ?" ಅಂದೆ. ಅವ್ವ ಒಂದು ಸಾಲು ನೇಯುವಷ್ಟರಲ್ಲಿ ನನ್ನ ಬಂಡಿ ಸಾವಿರ ಸಲ ಹೋಗಿ ಬರುತ್ತದೆ. ಇಷ್ಟು ತಿಳಿಯಲು ನನಗೆ ಒಂದು ಗೋಪುರ ಮುರಿಯಬೇಕಾಯಿತು.

ಭಾನುವಾರ ಗೋಪುರಗಳು ತಪ್ಪದೆ ಎದ್ದವು. ಮುಂದೊಂದು ದಿನ, ಸೆರಗಿನ ನಡುವೆ, ಚಿತ್ರ ಓದುವ ಪ್ರೋಗ್ರಾಂ ನಿಂತುಬಿಟ್ಟಿತು. ಆದರೆ ಎತ್ತುವ ಪ್ರೋಗ್ರಾಂ ತಪ್ಪು ಎಳೆ ಎತ್ತಲಿಲ್ಲ, ಇದ್ದಲ್ಲೇ ನಿಂತಿತು. ಅವ್ವನೂ ಲಾಳಿ ಹಿಡಿದು ಕಾದಳು. ಮತ್ತೆ ಶುರು ಮಾಡಿದೆ. ಬಿಟ್ಟ ಸಾಲಿನಿಂದಲೇ ಹೊರಟಿತು. ಮಂಚದ ಮೇಲೆ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದ ಅಪ್ಪ, "ಈಗ ಕಾಯೋದು ಕಲ್ತೈತಿ," ಅಂದ. ಯಾವ ಪದವಿಗೂ ನಾನು ಅಷ್ಟು ಹೆಮ್ಮೆಪಟ್ಟಿಲ್ಲ.

ಸೀರೆ ಮಗ್ಗದಿಂದ ಇಳಿದ ದಿನ, ಯಂತ್ರವನ್ನು ಗದ್ವಾಲಕ್ಕೆ ಒಯ್ದು ಗೆಳತಿಗೆ ತೋರಿಸೋಣವೆಂದು ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡೆ.

"ಬೇಕಾದ್ರ ಅಕೀನ ಇಲ್ಲಿಗೆ ಬಂದು ನೋಡ್ಲಿ," ಅಂದಳು ಅವ್ವ, ಮುಂದಿನ ಸೀರೆಗೆ ಹೊಸ ಹಾಸಿನ ಎಳೆ ಬಿಗಿಯುತ್ತ. "ಅದನ್ನ ಬಿಚ್ಚಿದ್ರ ಸುಮ್ನಿರಂಗಿಲ್ಲ ನೋಡು."