ಎಡಗೈ ಎತ್ತಿದ ಹುಡುಗಿ

ರುಚಿತಾಗೆ ಮೂಗು ಮುರಿಯುವ ವಿದ್ಯೆ ಹುಟ್ಟಿನಿಂದಲೇ ಬಂದಿತ್ತು. ಇತಿಹಾಸ ಆಮೇಲೆ ಬಂತು. ಅಪ್ಪ ರಘೋತ್ತಮರು ಬ್ಯಾಂಕಿನ ನೌಕರಿಯಲ್ಲಿ ವಿಜಯಪುರದಿಂದ ನಾಸಿಕ್‌ಗೆ ವರ್ಗವಾಗಿ ಬಂದು ಅಲ್ಲೇ ನೆಲೆನಿಂತವರು. ಮಗಳು ಎಂ.ಎ.ಗೆ ಇತಿಹಾಸ ಆರಿಸಿಕೊಂಡಾಗ, "ಸತ್ತ ರಾಜರ ಹಿಂದ ಬಿದ್ದು ಏನ್ ಮಾಡ್ತೀ ನೀ? ಅವರೇನು ನಿನಗ ನೌಕರಿ ಕೊಡ್ತಾರೇನು?" ಎಂದಿದ್ದರು.

"ಬದುಕಿದ್ದೋರರ ಯಾರ್ ಕೊಡ್ಲಿಕ್ಕತ್ತಾರ ಹೇಳ್ರಿ ಅಪ್ಪಾ?" ಎಂದು ಅವಳು ಛತ್ರಪತಿ ಸಂಭಾಜಿನಗರದ ಬಸ್ಸು ಹತ್ತಿದ್ದಳು.

ಅಲ್ಲಿ ಸಿಕ್ಕಿದ್ದು ಇತಿಹಾಸವಲ್ಲ, ಇತಿಹಾಸದ ನೋಟ್ಸು. ಪ್ರಾಧ್ಯಾಪಕರೊಬ್ಬರು ಹಳದಿಗಟ್ಟಿದ ಹಾಳೆಗಳನ್ನು ಓದಿ ಬರೆಸುತ್ತಿದ್ದರು; ಅವರು ಕೆಮ್ಮಿದರೆ ಅದನ್ನೂ ಬರೆದುಕೊಳ್ಳುವಂಥ ವಿದ್ಯಾರ್ಥಿಗಳಿದ್ದರು. ರುಚಿತಾ ಭಾನುವಾರ ವೇರೂಳದ, ಅಂದರೆ ಎಲ್ಲೋರಾದ, ಗುಹೆಗಳಿಗೆ ಹೋಗಿ, ಗೋಡೆಯ ಮೇಲಿನ ಉಳಿಯ ಗುರುತುಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ ಬಂದು ಸೋಮವಾರ ಪ್ರಶ್ನೆ ಕೇಳುತ್ತಿದ್ದಳು. "ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ," ಎನ್ನುವುದು ಅವರ ಉತ್ತರ. ಎರಡು ವರ್ಷವೂ ಇದೇ ಉತ್ತರ. ತಾನು ಟೀಚರಾದ ಮೇಲೆ ಸತ್ತರೂ ಈ ಮಾತು ಆಡುವುದಿಲ್ಲ ಎಂದು ಅವಳು ಆಣೆ ಮಾಡಿಕೊಂಡಳು.

ಬಿ.ಎಡ್.ಗೆ ನಾಸಿಕ್‌ಗೆ ಮರಳಿದರೆ ಅಲ್ಲಿ ತಿರಸ್ಕಾರಕ್ಕೆ ಇನ್ನೂ ಹುಲುಸಾದ ಬೆಳೆ. ಪಾಠ ಯೋಜನೆಗೆ ಮೂರು ಬಣ್ಣದ ಶಾಯಿ, ಅಂಚಿಗೆ ಹೂಬಳ್ಳಿ, ಮೇಜಿನ ಮೇಲೆ ಥರ್ಮೋಕೋಲಿನ ಕೋಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಜೊತೆಗೆ ಓದುತ್ತಿದ್ದ ಅತುಲ್ ಒಂದೇ ಕೋಟೆಯಲ್ಲಿ ಐದು ಪಾಠ ಮುಗಿಸಿದ್ದ. ಪ್ರತಿ ಸಲ ಬಾವುಟ ಮಾತ್ರ ಬದಲು.

ಎಲ್ಲಕ್ಕಿಂತ ಹೇಸಿಗೆ ತಂದದ್ದು ಕೈಯೆತ್ತಿಸುವ ಪದ್ಧತಿ. ಪರೀಕ್ಷೆಯ ಪಾಠದ ಹಿಂದಿನ ದಿನ ಮಕ್ಕಳಿಗೆ ಚಾಕೊಲೇಟು ಹಂಚಿ ಹೇಳಿಕೊಡಬೇಕು: ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಿ, ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಆಮೇಲೆ ಬಲಗೈಯವರನ್ನೇ ಕೇಳಿದರಾಯಿತು. ಹಿಂದೆ ಕೂತ ಪರೀಕ್ಷಕರ ಕಣ್ಣಿಗೆ ತರಗತಿಯೆಲ್ಲ ಜಾಣರ ಸಂತೆ. "ಇದು ಪಾಠ ಅಲ್ಲ, ನಾಟಕ ಕಂಪನಿ," ಎಂದು ಅವಳು ಅತುಲನ ಮುಖಕ್ಕೇ ಹೇಳಿದ್ದಳು.

ಅಂತಿಮ ಪಾಠ ಬಂತು. ಪ್ರಥಮ ದರ್ಜೆ ಬಂದರೆ ನಾಸಿಕ್ ಹತ್ತಿರದ ಓಝರ್‌ನ ಒಂದು ಶಾಲೆಯಲ್ಲಿ ಕೆಲಸ ಖಾತ್ರಿ. ಹಿಂದಿನ ದಿನ ಅವಳೂ ಚಾಕೊಲೇಟಿನ ಪೊಟ್ಟಣ ಹಿಡಿದು ಆರನೇ ತರಗತಿಗೆ ಹೋದಳು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಇದೊಂದೇ ಸಲ ಎಂದು ಸಮಾಧಾನ ಹೇಳಿಕೊಂಡಳು. ಎಲ್ಲರೂ ಹಾಗೇ ಹೇಳಿಕೊಳ್ಳುತ್ತಾರೆ.

ಪಾಠ, ಇತಿಹಾಸದ ಆಧಾರಗಳು. ಊರಾಚೆಯ ಪಾಂಡವಲೇಣಿ ಗುಹೆಯಲ್ಲಿ ಶಾತವಾಹನ ರಾಜನ ತಾಯಿ ಮಗನನ್ನು ಹೊಗಳಿ ಕೆತ್ತಿಸಿದ ಶಾಸನದ ಬಗ್ಗೆ ಹೇಳಿ, ಆ ರಾಜ ಎಂಥವನು ಎಂದು ಕೇಳಿದಳು. ನಲವತ್ತು ಕೈ ಮೇಲೆದ್ದವು. ಬಲಗೈಯೊಂದು "ಶೂರ, ದಯಾಳು" ಎಂದಿತು. ಪರೀಕ್ಷಕರಾದ ಹರಿದಾಸ ಸರ್ ತಲೆದೂಗಿದರು. ಮೂರನೇ ಬೆಂಚಿನ ಪ್ರಾಚಿ ಎಂಬ ಹುಡುಗಿಯ ಎಡಗೈ ಮಾತ್ರ ಇಳಿಯಲೇ ಇಲ್ಲ. "ಪಾಪ, ಅವಳನ್ನೂ ಕೇಳಿ ಮೇಡಂ," ಎಂದರು ಸರ್.

ಪ್ರಾಚಿ ಎದ್ದು ಮರಾಠಿಯಲ್ಲಿ ಕೇಳಿದಳು: "ಮೇಡಂ, ಬರೆಸಿದ್ದು ಅವನ ತಾಯಿ ಅಲ್ವಾ? ನನ್ನ ಆಯಿನೂ ನನ್ನ ತಮ್ಮ ಬಹಳ ಜಾಣ ಅಂತ ಎಲ್ಲರ ಮುಂದೆ ಹೇಳ್ತಾಳೆ. ಅವನು ಜಾಣ ಅಲ್ಲ. ಹಾಗಾದ್ರೆ ರಾಜಂದು ನಿಜ ಅಂತ ಹೇಗೆ ಗೊತ್ತು?"

ರುಚಿತಾಳ ಮೈ ಝುಮ್ಮೆಂದಿತು. ಎರಡು ಊರು, ಎರಡು ಕಾಲೇಜು ಸುತ್ತಿದರೂ ಇಂಥ ಪ್ರಶ್ನೆ ಯಾರ ಬಾಯಿಂದಲೂ ಬಂದಿರಲಿಲ್ಲ. ಉತ್ತರಿಸಲು ಹೊರಟರೆ ಬೇರೆ ಶಾಸನ, ನಾಣ್ಯ, ವೈರಿಗಳ ಮಾತು, ಎಲ್ಲ ಸೇರಿ ಅರ್ಧ ಗಂಟೆ ಬೇಕು. ಯೋಜನೆಯ ಪ್ರಕಾರ ಉಳಿದದ್ದು ಆರು ನಿಮಿಷ, ಎರಡು ಪ್ರಶ್ನೆ, ಒಂದು ಹೋಮ್‌ವರ್ಕು. ಹರಿದಾಸ ಸರ್ ಪೆನ್ನು ನಿಲ್ಲಿಸಿ ಗಡಿಯಾರ ನೋಡಿದರು.

"ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ," ಎಂದಳು ರುಚಿತಾ.

ಪ್ರಾಚಿ ಕೂತಳು. ಮುಂದಿನ ಪ್ರಶ್ನೆಗೆ ಉಳಿದವರೆಲ್ಲ ಕೈ ಎತ್ತಿದಾಗ ಅವಳ ಎರಡೂ ಕೈ ಬೆಂಚಿನ ಕೆಳಗಿದ್ದವು. ಹರಿದಾಸ ಸರ್ "ತರಗತಿಯ ಮೇಲೆ ಒಳ್ಳೆಯ ಹಿಡಿತ" ಎಂದು ಬರೆದು ಐವತ್ತಕ್ಕೆ ನಲವತ್ತೇಳು ಕೊಟ್ಟರು. ರಘೋತ್ತಮರು ಬ್ಯಾಂಕಿನಲ್ಲಿ ಪೇಢೆ ಹಂಚಿದರು.

ಈಗ ಓಝರ್‌ನಲ್ಲಿ ರುಚಿತಾ ಮೇಡಂ ಎಂದರೆ ದೊಡ್ಡ ಹೆಸರು. ತಪಾಸಣೆಗೆ ಯಾರೇ ಬರಲಿ, ಮೇಡಂ ತರಗತಿಯಲ್ಲಿ ಎಲ್ಲ ಕೈಗಳೂ ಮೇಲೇಳುತ್ತವೆ. ಎಡಗೈಗಳ ಕಡೆ ಮೇಡಂ ಕಣ್ಣೆತ್ತಿಯೂ ನೋಡುವುದಿಲ್ಲ.