ಐದು ಸೀಟು, ನಾಲ್ಕು ಜನ

ಕಾರು ಮಾರುವುದೆಂದು ತೀರ್ಮಾನವಾದ ಮೇಲೆ ಅದನ್ನು ಒಳಗೆಲ್ಲ ಗುಡಿಸಿ ಒರೆಸುವ ಕೆಲಸ ನನ್ನ ಪಾಲಿಗೆ ಬಂತು. ಕೊಳ್ಳುವವರು ಸಂಜೆಗೆ ಬರುವವರಿದ್ದರು. ಮುಂದಿನ ಎಡಗಡೆಯ ಸೀಟಿನ ಕೆಳಗೆ ಕೈ ತೂರಿಸಿ ಬಿಸ್ಕತ್ತಿನ ಪುಡಿ, ಪೆನ್ಸಿಲ್ ತುಂಡು, ಒಂಟಿ ಕಾಲುಚೀಲ ಎಲ್ಲ ಎಳೆದು ಹಾಕುತ್ತಿದ್ದಾಗ ಬೆರಳಿಗೆ ಒಂದು ಪುಟ್ಟ ಸೀಸೆ ತಾಗಿತು. ಮುಚ್ಚಳ ತುಕ್ಕು ಹಿಡಿದಿತ್ತು. ತಿರುಗಿಸಿದರೆ ನೀಲಗಿರಿ ಎಣ್ಣೆಯ ವಾಸನೆ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲೇ ಕೂತುಬಿಟ್ಟೆ.

ಅದು ಪಕ್ಕದ ಮನೆಯ ಅಜ್ಜಿಯ ಮಂಡಿನೋವಿನ ಎಣ್ಣೆ. ಅವರು ಈ ಕಾರಿನಲ್ಲಿ ಕೂತದ್ದು ಒಂದೇ ಒಂದು ದಿನ.

ಚಿಕ್ಕಬಳ್ಳಾಪುರದ ಈ ಮನೆಗೆ ನಾವು ಬಂದಾಗ ಮಗಳಿಗೆ ಮೂರು ವರ್ಷ, ಮಗ ಇನ್ನೂ ಹುಟ್ಟಿರಲಿಲ್ಲ. ನಾನು ದಿನಾ ಬಸ್ಸು ಹಿಡಿದು ಶಿಡ್ಲಘಟ್ಟದ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ಮಗಳನ್ನು ನೋಡಿಕೊಳ್ಳಿ ಎಂದು ನಾನು ಅಜ್ಜಿಯನ್ನು ಕೇಳಲೂ ಇಲ್ಲ, ಅವರೇ ಒಂದು ಬೆಳಿಗ್ಗೆ ಬಂದು ಸೊಂಟಕ್ಕೆ ಏರಿಸಿಕೊಂಡು ಹೋದರು. ಮಗ ಹುಟ್ಟಿದ ಮೇಲೆ ಅವನೂ ಅಲ್ಲೇ ಬೆಳೆದ. ಅಜ್ಜಿಗೆ ಗಂಡ ಹೋಗಿ ಬಹಳ ವರ್ಷವಾಗಿತ್ತು, ಸ್ವಂತ ಮಕ್ಕಳಿರಲಿಲ್ಲ. ಇದ್ದವಳು ಒಬ್ಬಳೇ ಅಕ್ಕ, ಮಂಡಿಕಲ್ ದಾಟಿ ಒಳಗಿನ ಒಂದು ಹಳ್ಳಿಯಲ್ಲಿ. ಆ ಅಕ್ಕನಿಗೆ ಮನೆ ತುಂಬ ಮೊಮ್ಮಕ್ಕಳು. ಸಿಕ್ಕಾಗಲೆಲ್ಲ ತಂಗಿಯ ಕೈ ಹಿಡಿದುಕೊಂಡು, ನಿನಗೆ ಯಾರೂ ಇಲ್ಲದ ಹಾಗಾಯಿತಲ್ಲೇ ಎಂದು ಅಳುತ್ತಿದ್ದಳಂತೆ. ಮಂಡಿ ಕೆಟ್ಟು ಬಸ್ಸಿನ ಮೆಟ್ಟಿಲು ಹತ್ತಲಾಗದೆ ಅಜ್ಜಿ ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಫೋನಿನಲ್ಲಿ ಮಾತಾಡೋಣವೆಂದರೆ ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆಗ ನಮ್ಮಲ್ಲಿದ್ದದ್ದು ಸ್ಕೂಟರ್. ಮಗಳು ಮುಂದೆ ನಿಲ್ಲುತ್ತಿದ್ದಳು, ಮಗ ನನ್ನ ಎದೆಗೂ ನಮ್ಮ ಯಜಮಾನರ ಬೆನ್ನಿಗೂ ನಡುವೆ ಸಿಕ್ಕಿಕೊಂಡು ನಿದ್ದೆ ಹೋಗುತ್ತಿದ್ದ. ನೆನೆಸಿಕೊಂಡರೆ ಈಗ ಮೈ ಜುಮ್ಮೆನ್ನುತ್ತದೆ. ಒಮ್ಮೆ ಗೌರಿಬಿದನೂರಿನ ನನ್ನ ತವರಿನಿಂದ ಬರುವಾಗ ದಾರಿಯಲ್ಲಿ ಮಳೆ ಸಿಕ್ಕಿ, ಮಗನಿಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾಲ್ಕು ಚಕ್ರದ ಗಾಡಿಯ ಮಾತು ಶುರುವಾದದ್ದು ಆಗ.

ಚಿಂತಾಮಣಿಯ ಪರಿಚಯದವರೊಬ್ಬರು ತಮ್ಮ ಹಳೆಯ ವ್ಯಾನನ್ನು ನಮ್ಮ ಬೀದಿಗೇ ತಂದು ತೋರಿಸಿದರು. ಪಕ್ಕಕ್ಕೆ ಜಾರುವ ಬಾಗಿಲು, ನೆಲಕ್ಕೆ ಹತ್ತಿರವಿದ್ದ ಮೆಟ್ಟಿಲು, ಒಳಗೆ ಮಕ್ಕಳು ಉರುಳಾಡುವಷ್ಟು ಜಾಗ. ನಮ್ಮ ಯಜಮಾನರಿಗೆ ನೋಡಿದ ಕೂಡಲೇ ಹಿಡಿಸಿತು. ಅಜ್ಜಿ ಗೋಡೆ ಹಿಡಿದುಕೊಂಡು ಬಂದು, "ನಾನೊಂದು ಸಲ ಹತ್ತಿ ನೋಡ್ಲೇನಪ್ಪಾ?" ಎಂದರು. ಪಕ್ಕಕ್ಕೆ ತಿರುಗಿ ಸೀಟಿನ ಮೇಲೆ ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಮಕ್ಕಳಿಬ್ಬರೂ ಅವರ ಮೈಮೇಲೆ ಬಿದ್ದರು.

"ಜಗುಲಿ ಮೇಲೆ ಕೂತಂಗೇ ಐತೆ ಟೀಚರಮ್ಮ. ಇದ್ನೇ ತಗೊಳ್ಳಿ. ನಮ್ಮಕ್ಕನ ಊರಿಗೆ ಹೋಗಣ. ಇವ್ರಿಬ್ರನ್ನೂ ಅವ್ಳಿಗೆ ತೋರಿಸ್ಬೇಕು."

ಖಂಡಿತ ಅಜ್ಜಿ ಎಂದೆ ನಾನು. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಧಾರಾಳಿ.

ಮರುದಿನ ಸ್ಟಾಫ್ ರೂಮಿನಲ್ಲಿ ವ್ಯಾನಿನ ವಿಷಯ ಹೇಳಿದೆ. "ಒಳ್ಳೇದಾಯ್ತು ಮೇಡಂ, ಇನ್ಮೇಲೆ ಸ್ಕೂಲ್ ಮಕ್ಕಳ ಟ್ರಿಪ್ಪೂ ಹೊಡೀಬೋದು" ಎಂದರು ಒಬ್ಬರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ವ್ಯಾನು ಬೇಡವೇ ಬೇಡ ಎಂದು ಹಟ ಹಿಡಿದೆ. ನಿಜವಾದ ಕಾರಣ ಹೇಳಲು ನಾಚಿಕೆಯಾಗಿ, ಆ ಜಾರುವ ಬಾಗಿಲು ತೆಗೆದು ಮಗ ಬಿದ್ದರೆ ಏನು ಗತಿ ಎಂದೆ. ತಾಯಿಯಾದವಳು ಮಕ್ಕಳನ್ನು ಮುಂದಿಟ್ಟುಕೊಂಡು ಮಾತಾಡಿದರೆ ಎದುರು ಹೇಳುವವರು ಯಾರು? ಇವರು ಚಿಂತಾಮಣಿಗೆ ಫೋನ್ ಮಾಡಿ ವ್ಯಾನು ಬೇಡವೆಂದರು. ಮುಂದಿನ ತಿಂಗಳು ಈ ಕೆಂಪು ಕಾರು ಬಂತು.

ಅಜ್ಜಿಯೇ ದೃಷ್ಟಿ ತೆಗೆದರು. ಬಗ್ಗಿ ಹಿಂದಿನ ಸೀಟನ್ನು ನೋಡಿದರು, ಕಾಲಿಡುವ ಜಾಗವನ್ನು ನೋಡಿದರು. ಅಲ್ಲಿ ಅವರ ಮಂಡಿ ಮಡಚುವಂತಿರಲಿಲ್ಲ. "ಪರ್ವಾಲೇದು" ಎಂದರು, ಪರವಾಗಿಲ್ಲ ಎಂದು. ಬೇಜಾರಾದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

ಕಾರಿನಲ್ಲಿ ಐದು ಸೀಟು, ನಾವು ನಾಲ್ಕು ಜನ. ಹಿಂದೆ ಒಂದು ಕಿಟಕಿಗೆ ಮಗಳು, ಇನ್ನೊಂದು ಕಿಟಕಿಗೆ ಮಗನಿಗೆಂದು ಬಿಗಿದ ಮಕ್ಕಳ ಸೀಟು, ನಡುವೆ ಡೈಪರ್ ಚೀಲ, ನೀರಿನ ಬಾಟಲಿ, ಆಟದ ಸಾಮಾನು. ಮುಂದಿನ ಸೀಟು ನನ್ನದು. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೇ ಕೂತೆ, ನನ್ನದಾಯಿತು.

ಮುಂದಿನ ಭಾನುವಾರ ಹೋಗೋಣ ಅಜ್ಜಿ ಎನ್ನುತ್ತಿದ್ದೆ. ಆ ಭಾನುವಾರ ತವರಿಗೆ ಹೋದೆವು. ಅದರ ಮುಂದಿನದು ಯಾರದೋ ನಾಮಕರಣ. ಮತ್ತೊಂದು ಸಲ ಇಂಜೆಕ್ಷನ್ ಹಾಕಿಸಿ ಮಗನಿಗೆ ಜ್ವರ. ಕೊನೆಗೆ, "ಹಿಂದೆ ನಿಮ್ಮ ಮಂಡಿ ಹಿಡಿಸಲ್ಲ, ಇವನು ಸ್ವಲ್ಪ ದೊಡ್ಡೋನಾಗ್ಲಿ, ಆ ಸೀಟು ತೆಗೆದುಬಿಡ್ತೀವಿ, ಆಮೇಲೆ ಆರಾಮಾಗಿ ಹೋಗಣ" ಎಂದೆ. ಅಜ್ಜಿ ಮಾತ್ರ ಶನಿವಾರವೇ ರವೆಉಂಡೆ ಕಟ್ಟಿ ಡಬ್ಬಿಗೆ ತುಂಬಿಡುತ್ತಿದ್ದರು. ಅಕ್ಕನಿಗೆ ಹಲ್ಲಿಲ್ಲ, ಅದಾದರೆ ಬಾಯಲ್ಲಿ ಕರಗುತ್ತದೆ ಎನ್ನುತ್ತಿದ್ದರು. ಸೋಮವಾರ ಆ ಉಂಡೆ ನಮ್ಮ ಮನೆಗೆ ಬರುತ್ತಿತ್ತು. ಮಕ್ಕಳು ತಿನ್ನುತ್ತಿದ್ದರು. ನಾನೂ ತಿಂದಿದ್ದೇನೆ… ಚೆನ್ನಾಗಿದೆ ಅಜ್ಜಿ ಎಂದೂ ಹೇಳಿದ್ದೇನೆ.

ಹೀಗೆ ಏಳೆಂಟು ತಿಂಗಳು ಕಳೆಯಿತು. ಒಂದು ಬುಧವಾರ ಬೆಳಿಗ್ಗೆ ಅಕ್ಕನ ಮೊಮ್ಮಗ ಫೋನ್ ಮಾಡಿದ. ಅಜ್ಜಿ ನಮ್ಮ ಬಾಗಿಲಿಗೆ ಬಂದು ನಿಂತರು. ಅಳುತ್ತಿರಲಿಲ್ಲ. "ನಮ್ಮಕ್ಕ ಹೋಗ್ಬಿಟ್ಳಂತಮ್ಮ" ಎಂದರು. ಆಮೇಲೆ, "ಮಕ್ಕಳನ್ನೂ ಕರ್ಕೊಂಡು ಹೋಗಣ್ವಾ?" ಎಂದು ಕೇಳಿದರು.

ಸಾವಿನ ಮನೆಗೆ ಎಳೆಮಕ್ಕಳನ್ನು ಕರೆದೊಯ್ಯುವುದು ನಮ್ಮಲ್ಲಿ ಇಲ್ಲ. ಆದರೆ ಅವತ್ತು ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಚೀಲ, ಬಾಟಲಿ ಎಲ್ಲ ಡಿಕ್ಕಿಗೆ ಹಾಕಿ, ನಾನು ಹಿಂದೆ ಮಕ್ಕಳ ನಡುವೆ ಕೂತೆ. ಅಜ್ಜಿ ಮುಂದೆ ಕೂತರು. ಕಾಲು ಚಾಚಿಕೊಳ್ಳಲು ಸೀಟನ್ನು ಇವರು ಹಿಂದಕ್ಕೆ ಸರಿಸಿಕೊಟ್ಟರು. ಇಷ್ಟಕ್ಕೆಲ್ಲ ಒಂದು ನಿಮಿಷ ಹಿಡಿದಿರಬಹುದು. ಅಜ್ಜಿ ದಾರಿಯುದ್ದಕ್ಕೂ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಂಡಿಕಲ್ ಹತ್ತಿರ ಬಂದಾಗ, "ಎಷ್ಟು ಸಲೀಸಾಗೈತಮ್ಮ ಈ ಸೀಟು" ಎಂದರು. ಮುಕ್ಕಾಲು ಗಂಟೆಯೊಳಗೆ ಊರು ಮುಟ್ಟಿದೆವು.

ಅಂಗಳದಲ್ಲಿ ಅಕ್ಕನನ್ನು ಮಲಗಿಸಿದ್ದರು. ನಾನು ಮಗನನ್ನು ಎತ್ತಿಕೊಂಡು ಹಿಂದೆ ನಿಂತೆ. ಅಜ್ಜಿ ತಿರುಗಿ ಅವನನ್ನು ನನ್ನ ಕೈಯಿಂದ ತೆಗೆದುಕೊಂಡರು, ಮಗಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅಕ್ಕನ ಮುಖದ ಕಡೆಗೆ ಬಗ್ಗಿ, ಕಿವುಡರಿಗೆ ಹೇಳುವ ಹಾಗೆ ಜೋರಾಗಿ, "ಅಕ್ಕಾ, ಇದಿಗೋ ಚೂಡು, ಮಾ ಪಿಲ್ಲಲು" ಎಂದರು. ಇಗೋ ನೋಡು, ನಮ್ಮ ಮಕ್ಕಳು…

ಅಲ್ಲಿದ್ದ ಹೆಂಗಸರೆಲ್ಲ ಗೊಳೋ ಎಂದು ಅತ್ತರು. ನಾನು ಅಳಲಿಲ್ಲ. ಅಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಅಜ್ಜಿ ಆಮೇಲೆ ಎರಡು ವರ್ಷ ಇದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ಮಗ ದೊಡ್ಡವನಾಗಿ ಆ ಮಕ್ಕಳ ಸೀಟನ್ನು ತೆಗೆದೆವು. ಪ್ರತಿ ಭಾನುವಾರ ನಾನು ಹೋಗಿ, ಬನ್ನಿ ಅಜ್ಜಿ, ನೀವೇ ಮುಂದೆ ಕೂತ್ಕೊಳ್ಳಿ, ಎಲ್ಲಿಗಾದರೂ ಹೋಗಿ ಬರೋಣ ಎಂದು ಕರೆಯುತ್ತಿದ್ದೆ. ಅವರು ನನ್ನ ಗಲ್ಲ ಸವರಿ, "ಇನ್ನೆಲ್ಲಿಗಮ್ಮ?" ಎನ್ನುತ್ತಿದ್ದರು. ಅವರು ಹೋದ ದಿನ ಮಕ್ಕಳಿಬ್ಬರೂ ಊಟ ಬಿಟ್ಟು ಅತ್ತರು. ಅಜ್ಜಿಗಿದ್ದ ನಂಟು ಅದು. ಅದನ್ನು ಅವರ ಅಕ್ಕನಿಗೆ, ಬದುಕಿದ್ದಾಗ ಹೋಗಿ ತೋರಿಸಲು ನನಗೆ ಒಂದು ಭಾನುವಾರ ಸಿಗಲಿಲ್ಲ.

ಸಂಜೆ ಕೊಳ್ಳುವವರು ಬಂದರು. ಗಂಡ, ಹೆಂಡತಿ, ಕಂಕುಳಲ್ಲಿ ಒಂದು ಕೂಸು. ಗಂಡಸರಿಬ್ಬರೂ ಬಾನೆಟ್ ಎತ್ತಿಕೊಂಡು ನಿಂತಾಗ ಆ ಹುಡುಗಿ ಹಿಂದಿನ ಬಾಗಿಲು ತೆಗೆದು ಒಳಗೆ ಇಣುಕಿದಳು.

"ಅಕ್ಕಾ, ಹಿಂದ್ಗಡೆ ಮಧ್ಯದಲ್ಲಿ ದೊಡ್ಡೋರು ಕೂತ್ಕೋಬೋದಾ? ಕಷ್ಟ ಆಗಲ್ವಾ?"

"ಏನೂ ಕಷ್ಟ ಆಗಲ್ಲಮ್ಮ" ಎಂದೆ. "ನಾನು ಒಂದ್ಸಲ ಕೂತಿದ್ದೆ."