ಕಪ್ಪು ಕಾಯಿಯ ವೈನಿ

ಎರಡೂ ಕೈಯ ಹಸಿರು ಬಳೆಗಳನ್ನು ವೈನಿ ಎಡಗೈಗೇ ಹಾಕಿಕೊಂಡಿದ್ದರು. ಎದೆಯ ಕ್ಯಾನ್ಸರಿನ ಆಪರೇಷನ್ ಆದಮೇಲೆ ಬಲಗೈ ಬಾತುಕೊಂಡು ಒಂದು ಬಳೆಯೂ ಏರುತ್ತಿರಲಿಲ್ಲ. ಚೆಸ್ ಕಾಯಿಗಳನ್ನೂ ಎಡಗೈಯಿಂದಲೇ ನಡೆಸುತ್ತಿದ್ದರು. ಬಳೆ ಸದ್ದಾಯಿತೆಂದರೆ ನನ್ನದೊಂದು ಕಾಯಿ ಹೋಯಿತೆಂದೇ ಲೆಕ್ಕ.

ಅಣ್ಣನ ಹೆಂಡತಿಯಾಗಿ ಅಳ್ನಾವರದಿಂದ ನಮ್ಮ ಮೊರಬಕ್ಕೆ ಬಂದಾಗ ಅವರ ಟ್ರಂಕಿನಲ್ಲಿ ಚೆಸ್ ಹಲಗೆಯಿತ್ತು. ರೈಲ್ವೆಯಲ್ಲಿದ್ದ ಅಪ್ಪ ಕಲಿಸಿದ್ದರಂತೆ. ಯಾವಾಗಲೂ ಕಪ್ಪು ಕಾಯಿಯೇ ಬೇಕು. “ಮೊದ್ಲ ನೀ ನಡಿ ತಂಗಿ. ಮಂದಿ ಮನಸಿನ್ಯಾಗ ಏನೈತಿ ನೋಡಿ ಆಮ್ಯಾಲೆ ನಡದ್ರಾತು” ಎನ್ನುತ್ತಿದ್ದರು. ನಾನು ರಾಜನ ಮುಂದಿನ ಪ್ಯಾದೆಯನ್ನು ಎರಡು ಮನೆ ನಡೆಸಿದರೆ, ಅವರು ಮಂತ್ರಿಯ ಬಾಜೂ ಇರುವ ಒಂಟೆಯ ಪ್ಯಾದೆಯನ್ನು ಎರಡು ಮನೆ ಬಿಡುವರು. ಅದಕ್ಕೆ ಸಿಸಿಲಿಯನ್ ಅನ್ನುತ್ತಾರೆಂದು ಹೇಳಿಕೊಟ್ಟವರೂ ಅವರೇ. ಕೇಳಿ ಕೇಳಿ ಅವ್ವ ಅದನ್ನೊಂದು ಗುಳಿಗೆಯ ಹೆಸರೆಂದೇ ತಿಳಿದಿದ್ದಳು.

ಡಾಕ್ಟರು ಇನ್ನು ಮಾಡುವಂಥದ್ದೇನಿಲ್ಲ ಎಂದ ದಿನ ವೈನಿ ಕೇಳಿದ್ದು ಒಂದೇ. “ಒಂದರ ಸಲ ಹೊರಗಿನವರ ಕೂಡ ಪಂದ್ಯದಾಗ ಆಡಿ ಗೆಲ್ಲಬೇಕು ನಾ.”

ನವಲಗುಂದದ ಪಂದ್ಯಕ್ಕೆ ನಾನೇ ಕರೆದುಕೊಂಡು ಹೋದೆ. ಜಮಖಾನೆಯ ಮೇಲೆ ಕೂತು ಆಟ. ಕಪ್ಪೇ ಬಂತು, ಸಿಸಿಲಿಯನ್ನೇ ಆಡಿದರು. ಆಟ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ, ತಮ್ಮ ಸರದಿಯಲ್ಲೇ, ಜೋಮು ಹಿಡಿದ ಕಾಲನ್ನು ಸರಿಸುವಾಗ ವೈನಿಯ ಪಾದ ಹಲಗೆಗೆ ತಾಗಿತು. ಕಾಲು ತಾಗಿದ್ದನ್ನು ಮುಟ್ಟಿ ನಮಸ್ಕರಿಸದೆ ಬಿಡುವವರು ನಮ್ಮಲ್ಲಿ ಯಾರಿದ್ದಾರೆ? ವೈನಿ ಹಲಗೆಯಂಚಿನಲ್ಲಿದ್ದ ತಮ್ಮ ಮಂತ್ರಿಯನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು.

“ಮುಟ್ಟಿದ ಕಾಯಿ ನಡಸಬೇಕ್ರಿ ಅಕ್ಕಾರ” ಎಂದ ಎದುರಿನ ತರುಣ.

ನನಗೆ ರೇಗಿತು. “ಏ, ಅವ್ರು ನಮಸ್ಕಾರ ಮಾಡ್ಯಾರ, ಆಡಿಲ್ಲ!” ಎಂದು ಜಗಳಕ್ಕೇ ನಿಂತೆ. ವೈನಿ ನನ್ನ ಕೈ ಜಗ್ಗಿ ಕೂರಿಸಿದರು. “ಸುಮ್ನಿರವಾ. ಹೌದ್ರಿ, ಮುಟ್ಟೀನಿ. ನಡಸ್ತೀನಿ.”

ಮಂತ್ರಿ ಎಲ್ಲಿಗೆ ಹೋದರೂ ಸಿಕ್ಕಿಬೀಳುವಂತಿತ್ತು. ಬಹಳ ಹೊತ್ತು ನೋಡಿ, ಅವನ ಆನೆಯನ್ನು ಹೊಡೆದು ಮಂತ್ರಿಯನ್ನು ಬಿಟ್ಟುಕೊಟ್ಟರು. ಆಮೇಲೆ ಬರೀ ಕುದುರೆಗಳನ್ನು ನಂಬಿ ಆಡಿದರು. ಕಡೆಗೊಮ್ಮೆ ಬಳೆ ಸದ್ದಾಯಿತು. ತರುಣ ಸೋಲೊಪ್ಪಿ ತನ್ನ ರಾಜನನ್ನು ಮಲಗಿಸಿ, ಎದ್ದು ಬಂದು ವೈನಿಯ ಕಾಲು ಮುಟ್ಟಿದ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿಕೊಂಡು ಅಂದರು: “ಮಂತ್ರಿ ಹೋದ್ರೂ ಆಟ ನಿಲ್ಲಂಗಿಲ್ಲ ನೋಡು ತಂಗಿ.” ನಾನು ಕಿಟಕಿಯತ್ತ ಮುಖ ತಿರುಗಿಸಿ ಅತ್ತೆ.

ಮುಂದಿನ ಹಿಂಗಾರಿ ಬಿತ್ತನೆ ಹೊತ್ತಿಗೆ ವೈನಿ ಇರಲಿಲ್ಲ. ಜೀವಮಾನದಲ್ಲಿ ಅವರು ನನಗೆ ಹೇಳಿದ ಸುಳ್ಳು ಬಸ್ಸಿನಲ್ಲಿ ಅಂದ ಆ ಮಾತೊಂದೇ. ಇವತ್ತೂ ಹಲಗೆ ಹಾಸಿ ಬಿಳಿ ಪ್ಯಾದೆಯನ್ನು ಎರಡು ಮನೆ ನಡೆಸಿದ್ದೇನೆ. ಆಟ ಅಲ್ಲೇ ನಿಂತಿದೆ.